ಆಂಪ್ಲಿಫೈಯರಿನ ಮೂರನೇ ಪಿನ್ನು ಕೀಳಬೇಡಿ

ಗಣೇಶನ ಹಬ್ಬ ಬರುವುದೇ ಮಳೆಗಾಲದಲ್ಲಿ. ಪೆಂಡಾಲಿನ ನೆಲ ಒದ್ದೆ, ವೇದಿಕೆಯ ಕಬ್ಬಿಣದ ಕಂಬಗಳೂ ಒದ್ದೆ. ಭಜನೆ ಹಾಡುವವರು ಬರಿಗಾಲಲ್ಲಿ ಕೂತಿರುತ್ತಾರೆ. ಅವರ ಕೈಯಲ್ಲಿರುವ ಮೈಕಿನಿಂದ ಹೊರಟ ಕೇಬಲ್ಲು ಮಿಕ್ಸರಿಗೆ ಹೋಗುತ್ತದೆ, ಮಿಕ್ಸರಿನಿಂದ ಪವರ್ ಆಂಪ್ಲಿಫೈಯರಿಗೆ. ಆಂಪ್ಲಿಫೈಯರಿನ ಇನ್ನೊಂದು ತುದಿ 230 ವೋಲ್ಟಿನ ಪ್ಲಗ್ಗಿನಲ್ಲಿದೆ. ಮೈಕಿನ ಜಾಲರಿ, ಕೇಬಲ್ಲಿನೊಳಗಿನ ತಂತಿಯ ಹೆಣಿಗೆ, ಆಂಪ್ಲಿಫೈಯರಿನ ಹೊರಡಬ್ಬಿ, ಈ ಮೂರೂ ಸಾಮಾನ್ಯವಾಗಿ ಒಂದಕ್ಕೊಂದು ಸೇರಿಕೊಂಡೇ ಇರುತ್ತವೆ. ಡಬ್ಬಿಗೆ ಕರೆಂಟು ಬಂದರೆ ಅದು ಹಾಡುವವರ ತುಟಿಯವರೆಗೂ ಬರಬಹುದು.

ಹಾಗಾಗದಂತೆ ಕಾಯುವುದು ಪ್ಲಗ್ಗಿನ ಮೂರನೇ ಪಿನ್ನು, ಅಂದರೆ ಅರ್ಥಿಂಗ್. ನಮ್ಮ ಪ್ಲಗ್ಗುಗಳಲ್ಲಿ ಅದನ್ನು ಉದ್ದ ಮಾಡಿರುವುದು ಸುಮ್ನೆ ಅಲ್ಲ. ಪ್ಲಗ್ಗು ಹಾಕುವಾಗ ಅದು ಎಲ್ಲಕ್ಕಿಂತ ಮೊದಲು ಕೂಡಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು. ಒಳಗೆ ಫೇಸ್ ತಂತಿ ಡಬ್ಬಿಗೆ ತಾಗಿದರೆ, ಕರೆಂಟು ಹಾಡುವವರನ್ನು ಬಿಟ್ಟು ಈ ದಾರಿಯಲ್ಲಿ ಓಡುತ್ತದೆ. ದಾರಿ ಚೆನ್ನಾಗಿದ್ದರೆ ಆ ಕರೆಂಟು ಎಷ್ಟು ದೊಡ್ಡದಾಗಿರುತ್ತದೆ ಅಂದರೆ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು, ತಕ್ಷಣ ಬೀಳುತ್ತದೆ.

ಇಷ್ಟು ಮುಖ್ಯವಾದ ಪಿನ್ನನ್ನೇ ಎಷ್ಟೋ ಕಡೆ ಕಿತ್ತಿರುತ್ತಾರೆ, ಇಲ್ಲವೇ ಟೂ ಪಿನ್ ಪ್ಲಗ್ಗು ಹಾಕಿರುತ್ತಾರೆ. ಕಾರಣ ಒಂದೇ, ಸ್ಪೀಕರಿನಿಂದ ಬರುವ ‘ಗುಂಯ್’ ಸದ್ದು. ಪಿನ್ನು ಕಿತ್ತರೆ ಆ ಸದ್ದು ನಿಂತುಬಿಡುತ್ತದೆ ಅನ್ನುವುದು ಹಲವು ಸಲ ನಿಜವೇ. ಆದರೆ ಆ ಸದ್ದಿಗೆ ಕಾರಣ ಅರ್ಥಿಂಗ್ ಇರುವುದಲ್ಲ, ಅದು ಎರಡು ಕಡೆ ಬೇರೆಬೇರೆಯಾಗಿ ಇರುವುದು. ಮಿಕ್ಸರು ಜನರ ನಡುವೆ ಒಂದು ಬೋರ್ಡಿನಲ್ಲಿ, ಆಂಪ್ಲಿಫೈಯರು ವೇದಿಕೆಯ ಪಕ್ಕ ಇನ್ನೊಂದು ಬೋರ್ಡಿನಲ್ಲಿ ಇದೆ ಅಂದುಕೊಳ್ಳಿ. ಎರಡೂ ಕಡೆಯ ಅರ್ಥ್ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ಆ ವ್ಯತ್ಯಾಸ ಸಿಗ್ನಲ್ ಕೇಬಲ್ಲಿನ ಹೆಣಿಗೆಯಲ್ಲಿ 50 ಹರ್ಟ್ಸಿನ ಕರೆಂಟು ಹರಿಸುತ್ತದೆ. ನಮಗೆ ಕೇಳಿಸುವುದು ಅದೇ.

ಹಾಗಾಗಿ ಮದ್ದನ್ನು ಸಿಗ್ನಲ್ ಕೇಬಲ್ಲಿಗೆ ಮಾಡಬೇಕು, ಕರೆಂಟಿನ ಪ್ಲಗ್ಗಿಗೆ ಅಲ್ಲ. ಮಿಕ್ಸರಿಗೂ ಆಂಪ್ಲಿಫೈಯರಿಗೂ ಒಂದೇ ಬೋರ್ಡಿನಿಂದ ಲೈನ್ ಎಳೆಯಿರಿ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಬ್ಯಾಲೆನ್ಸ್ಡ್ ಕೇಬಲ್ ಬಳಸಿ. ಅದರಲ್ಲಿ ಹಾಡು ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ಹೋಗುತ್ತದೆ. ದಾರಿಯಲ್ಲಿ ಸೇರುವ ಗುಂಯ್ ಎರಡರಲ್ಲೂ ಒಂದೇ ಥರ ಸೇರುತ್ತದೆ. ಆಂಪ್ಲಿಫೈಯರು ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ ಗುಂಯ್ ಅಳಿಸಿಹೋಗಿ ಹಾಡು ಉಳಿಯುತ್ತದೆ. ಎಷ್ಟು ಚಂದದ ಉಪಾಯ ಅಲ್ವಾ? ಇಷ್ಟಾದರೂ ಸದ್ದು ಹೋಗದಿದ್ದರೆ ನಡುವೆ ಒಂದು ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಅದು ಎರಡು ಕಡೆಯ ತಂತಿಗಳನ್ನು ನೇರ ಕೂಡಿಸದೆ ಹಾಡನ್ನಷ್ಟೇ ದಾಟಿಸುತ್ತದೆ. ಪಿನ್ನು ಕೀಳಬೇಕಾದ ಪ್ರಸಂಗವೇ ಬರುವುದಿಲ್ಲ.

ಬಯಲಿನಲ್ಲಿ ಇನ್ನೊಂದು ತೊಡಕಿದೆ. ಅರ್ಥಿಂಗ್‌ಗೆ ಅಂತ ಒಂದು ಕಬ್ಬಿಣದ ಸಲಾಕೆ ನೆಲಕ್ಕೆ ಹೊಡೆದು ಮುಗಿಯಿತು ಅಂದುಕೊಳ್ಳುತ್ತೇವೆ. ಆ ಮಣ್ಣಿನ ದಾರಿಯ ರೆಸಿಸ್ಟೆನ್ಸ್ 50 ಓಮ್ ಇದ್ದರೆ, 230 ವೋಲ್ಟಿಗೆ ಹರಿಯುವುದು 4.6 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ, ಬೀಳುವುದಿಲ್ಲ. ಡಬ್ಬಿಯಲ್ಲಿ ಕರೆಂಟು ಹಾಗೇ ನಿಂತಿರುತ್ತದೆ. ಅದಕ್ಕೇ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಹೋದ ಕರೆಂಟು ಅಷ್ಟೇ ವಾಪಸ್ ಬರುತ್ತಿದೆಯಾ ಅಂತ ಅದು ನೋಡುತ್ತಲೇ ಇರುತ್ತದೆ, ಸ್ವಲ್ಪ ಸೋರಿದರೂ ಕಡಿದುಬಿಡುತ್ತದೆ. ಜನರೇಟರ್ ಇದ್ದರೆ ಅದರ ನ್ಯೂಟ್ರಲ್ಲಿಗೆ ಅರ್ಥಿಂಗ್ ಆಗಿರಬೇಕು, ಇಲ್ಲದಿದ್ದರೆ ಆರ್‌ಸಿಸಿಬಿಯನ್ನು ನಂಬಿ ಕೂರುವಂತಿಲ್ಲ. ಮೂರು ಫೇಸಿನ ಸಪ್ಲೈಯಲ್ಲಿ ನ್ಯೂಟ್ರಲ್ ಸಡಿಲವಾದರೆ ಆಂಪ್ಲಿಫೈಯರಿಗೆ 230ರ ಬದಲು 400 ವೋಲ್ಟಿನ ಹತ್ತಿರ ಹೋಗಬಹುದು. ಈ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಅಲ್ಲಿ ಹಣ ಉಳಿಸಬೇಡಿ.

ಸ್ಪೀಕರಿನ ಕಡೆ ಅಪಾಯ ಇಲ್ಲ ಅನ್ನುವುದು ತಪ್ಪು. 8 ಓಮ್ ಸ್ಪೀಕರಿಗೆ 1000 ವಾಟ್ ಕೊಡುವಾಗ ಆ ತಂತಿಯಲ್ಲಿ ಸುಮಾರು 89 ವೋಲ್ಟ್ ಇರುತ್ತದೆ. ಬರಿ ತಂತಿ ಸುತ್ತಿ ಟೇಪ್ ಹಚ್ಚುವ ಬದಲು ಸ್ಪೀಕಾನ್ ಕನೆಕ್ಟರ್ ಹಾಕಿ, ಅದರಲ್ಲಿ ಲೋಹ ಕೈಗೆ ಸಿಗುವುದಿಲ್ಲ. ಎರಡು 8 ಓಮ್ ಸ್ಪೀಕರ್ ಡಬ್ಬಗಳನ್ನು ಪ್ಯಾರಲಲ್ ಮಾಡಿದರೆ, ಅಂದರೆ ಒಂದೇ ಜೋಡಿ ತಂತಿಗೆ ಸೇರಿಸಿದರೆ, 4 ಓಮ್, ನಾಲ್ಕಾದರೆ 2 ಓಮ್. ಓಮ್ ಇಳಿದಷ್ಟೂ ಕರೆಂಟು ಏರುತ್ತದೆ. ಎರಡು ಚಾನೆಲ್ಲುಗಳನ್ನು ಸೇರಿಸಿ ಒಂದೇ ಸ್ಪೀಕರ್ ಓಡಿಸುವ ಬ್ರಿಡ್ಜ್ ಮೋಡಿನಲ್ಲಿ ಪ್ರತಿ ಚಾನೆಲ್ಲಿಗೂ ಕಾಣುವುದು ಜೋಡಿಸಿದ ಓಮ್‌ನ ಅರ್ಧದಷ್ಟು ಮಾತ್ರ, ಅಂದರೆ 4 ಓಮ್ ಜೋಡಿಸಿದರೆ ಅದಕ್ಕೆ 2 ಓಮ್ ಇದ್ದಂತೆ. ಆಂಪ್ಲಿಫೈಯರಿನ ಹಿಂದೆ ಬರೆದಿರುವ ಕನಿಷ್ಠ ಓಮ್ ನೋಡದೆ ಜೋಡಿಸಬಾರದು. ಕೇಬಲ್ಲೂ ದಪ್ಪ ಇರಲಿ. 1.5 ಚದರ ಮಿಲಿಮೀಟರಿನ ತಾಮ್ರದ ಕೇಬಲ್ 30 ಮೀಟರ್ ಎಳೆದರೆ ಹೋಗಿಬರುವ ದಾರಿ ಸೇರಿ ಸುಮಾರು 0.7 ಓಮ್. 4 ಓಮ್ ಸ್ಪೀಕರಿಗೆ ಹೋಗಬೇಕಾದ ಶಕ್ತಿಯಲ್ಲಿ ಶೇಕಡಾ 15ರಷ್ಟು ಕೇಬಲ್ಲಿನಲ್ಲೇ ಬಿಸಿಯಾಗಿ ಹೋಗುತ್ತದೆ.

ಊರಿನ ಹಾರ್ನ್ ಸ್ಪೀಕರುಗಳ 100 ವೋಲ್ಟ್ ಲೈನ್ ಬೇರೆಯದೇ ವ್ಯವಸ್ಥೆ, ಅಲ್ಲಿ ಪ್ರತಿ ಸ್ಪೀಕರಿಗೂ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದಕ್ಕೆ ಟ್ರಾನ್ಸ್‌ಫಾರ್ಮರ್ ಇಲ್ಲದ 8 ಓಮ್ ಸ್ಪೀಕರ್ ನೇರ ಕೊಟ್ಟರೆ ಅದು ಎಳೆಯಲು ಹೊರಡುವುದು 1250 ವಾಟ್. ಸ್ಪೀಕರ್ ಇಲ್ಲವೇ ಆಂಪ್ಲಿಫೈಯರ್, ಎರಡರಲ್ಲಿ ಒಂದು ಸೋಲುತ್ತದೆ.

ಇನ್ನು ಆಂಪ್ಲಿಫೈಯರಿನ ವಾಲ್ಯೂಮ್ ಗುಂಡಿಯ ವಿಷಯ. ಅರ್ಧ ತಿರುಗಿಸಿದರೆ ಅರ್ಧ ಶಕ್ತಿ ಅಂತ ತುಂಬಾ ಜನ ನಂಬಿದ್ದಾರೆ. ಸಾಮಾನ್ಯವಾಗಿ ಆ ಗುಂಡಿ ಒಳಬರುವ ಸಿಗ್ನಲ್ಲನ್ನು ತಗ್ಗಿಸುತ್ತದೆ, ಅಷ್ಟೇ. ಮಿಕ್ಸರಿನಲ್ಲಿ ಜಾಸ್ತಿ ಕೊಟ್ಟರೆ ಅರ್ಧದಲ್ಲೂ ಪೂರ್ತಿ ಶಕ್ತಿ ಹೊರಬರುತ್ತದೆ. ಗುಂಡಿಗಿಂತ ಕೆಂಪು ಕ್ಲಿಪ್ ದೀಪವನ್ನು ನೋಡಿ. ಅದು ಬಿಡದೆ ಉರಿಯುತ್ತಿದ್ದರೆ ಅಲೆಯ ತಲೆ ಕತ್ತರಿಸಿಹೋಗುತ್ತಿದೆ ಅಂತ ಅರ್ಥ. ಆಗ ಸರಾಸರಿ ಶಕ್ತಿಯೂ ಮೇಲಿನ ಫ್ರೀಕ್ವೆನ್ಸಿಗಳೂ ಹೆಚ್ಚಿ, ಆ ಮೇಲಿನ ಸ್ವರಗಳನ್ನು ನುಡಿಸುವ ಸಣ್ಣ ಸ್ಪೀಕರು, ಅಂದರೆ ಟ್ವೀಟರಿನ ಕೂದಲೆಳೆಯಂಥ ಕಾಯಿಲ್ ಸುಟ್ಟುಹೋಗುತ್ತದೆ.

ಮಳೆ ಹನಿಯಿತು ಅಂತ ಪ್ಲಾಸ್ಟಿಕ್ ಹಾಳೆಯಿಂದ ಆಂಪ್ಲಿಫೈಯರನ್ನು ಸುತ್ತಬೇಡಿ, ಫ್ಯಾನಿಗೆ ಗಾಳಿ ಬೇಕು. ಮಳೆ ಬೀಳದ ಕಡೆ, ನೆಲದಿಂದ ಎತ್ತರಕ್ಕೆ, ಹಿಂದೆ ಮುಂದೆ ಜಾಗ ಬಿಟ್ಟು ಇಡಿ. ಎಲ್ಲ ಜೋಡಿಸಿದ ಮೇಲೆ ಮೊದಲು ಮಿಕ್ಸರ್ ಆನ್ ಮಾಡಿ, ಆಮೇಲೆ ಆಂಪ್ಲಿಫೈಯರುಗಳನ್ನು ಒಂದೊಂದಾಗಿ. ಎಲ್ಲ ಒಟ್ಟಿಗೆ ಹಾಕಿದರೆ ಮೊದಲ ಕ್ಷಣದ ಕರೆಂಟಿಗೇ ಎಂಸಿಬಿ ಬೀಳಬಹುದು. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು, ಮಿಕ್ಸರ್ ಕೊನೆಗೆ.