ಯಾವ ಪ್ಯಾಕೇಜಿಗೂ ಸೇರದ ಕಡತ

ಬಸವನಗುಡಿಯ ಹಳೆಯ ಪುಸ್ತಕ ಭಂಡಾರವೊಂದರ ಜಾಲತಾಣವನ್ನು ಕೆಲವು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಲಕ್ಷದಷ್ಟು ಪುಸ್ತಕಗಳ ಪಟ್ಟಿ ಅದರಲ್ಲಿದೆ. ಅದರ ಸರ್ವರ್ ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ನಡೆಯುತ್ತಿತ್ತು. 2014ರಲ್ಲಿ ಬಂದ ಆ ಆವೃತ್ತಿಗೆ ಭದ್ರತಾ ತಿದ್ದುಪಡಿಗಳು 2024ರ ಜೂನ್ 30ಕ್ಕೆ ನಿಂತವು. ಆಮೇಲೂ ಯಂತ್ರ ಓಡುತ್ತದೆ, ಆದರೆ ಹೊಸ ಬಿರುಕು ಕಾಣಿಸಿಕೊಂಡರೆ ಮುಚ್ಚುವವರಿಲ್ಲ. ಅದೇ ಬಳಗದ ಹೊಸ ಲಿನಕ್ಸ್ ಆದ ಆಲ್ಮಾಲಿನಕ್ಸ್ 9ಕ್ಕೆ ಹೋಗುವುದೆಂದು ತೀರ್ಮಾನವಾಯಿತು.

ಲಿನಕ್ಸ್‌ನಲ್ಲಿ ತಂತ್ರಾಂಶಗಳು ಪ್ಯಾಕೇಜ್‌ಗಳಾಗಿ ಬರುತ್ತವೆ. ಯಾವ ಕಡತ ಯಾವ ಪ್ಯಾಕೇಜಿನದು, ಅದಕ್ಕೆ ಜೊತೆಯಲ್ಲಿ ಮತ್ತೇನು ಬೇಕು ಎಂಬುದೆಲ್ಲ ವ್ಯವಸ್ಥೆಯ ಖಾತೆಯಲ್ಲಿ ದಾಖಲಾಗಿರುತ್ತದೆ. ಆದರೆ ನಮ್ಮಲ್ಲಿ ವೆಬ್ ಸರ್ವರ್ ಎಂಜಿನ್‌ಎಕ್ಸ್ ಮತ್ತು ದತ್ತಾಂಶ ಕಾಯುವ ಪೋಸ್ಟ್‌ಗ್ರೆಸ್ ಎರಡನ್ನೂ ನನಗಿಂತ ಹಿಂದಿನವರು ಸೋರ್ಸ್ ಕೋಡ್‌ನಿಂದ ಕೈಯಾರೆ ಕಂಪೈಲ್ ಮಾಡಿದ್ದರು, ಅಂದರೆ ಬರೆದ ಮೂಲ ಪಠ್ಯದಿಂದ ಓಡಬಲ್ಲ ಕಡತವನ್ನು ತಾವೇ ಕಟ್ಟಿಕೊಂಡಿದ್ದರು. ಅವರಿಗೆ ಬೇಕಾಗಿದ್ದ ಒಂದು ಸೌಲಭ್ಯ ಸಿದ್ಧ ಪ್ಯಾಕೇಜಿನಲ್ಲಿ ಇರಲಿಲ್ಲ, ಕಾರಣ ಸರಿಯಾದದ್ದೇ. ಇಂಥವುಗಳಿಗೆ ‘ಯುಎಸ್ಆರ್ ಲೋಕಲ್’ ಎಂಬ ಕೋಶವಿದೆ. ಅದು ಯಂತ್ರ ನೋಡಿಕೊಳ್ಳುವವರಿಗೆಂದೇ ಬಿಟ್ಟ ಜಾಗ. ವ್ಯವಸ್ಥೆಯ ಪ್ಯಾಕೇಜ್‌ಗಳು ಅಲ್ಲಿ ಕೈಹಾಕಬಾರದೆಂಬುದು ಒಪ್ಪಿತ ಪದ್ಧತಿ. ಅಲ್ಲಿದ್ದ ಕಡತ ಯಾರದು ಎಂದು ಖಾತೆಯನ್ನು ಕೇಳಿದೆ. ಯಾವ ಪ್ಯಾಕೇಜಿಗೂ ಸೇರಿಲ್ಲ ಎಂಬ ಒಂದು ಸಾಲಿನ ಉತ್ತರ ಬಂತು. ಹಗಲಿರುಳು ದುಡಿಯುತ್ತಿದ್ದ ತಂತ್ರಾಂಶದ ಹೆಸರೇ ದಾಖಲೆಯಲ್ಲಿಲ್ಲ.

ಹಳೆಯ ಎಂಜಿನ್‌ಎಕ್ಸ್ ಅನ್ನು ಹಾಗೆಯೇ ಹೊಸ ಯಂತ್ರಕ್ಕೆ ನಕಲು ಮಾಡಿದರೆ ಅದು ಏಳಲಿಲ್ಲ. ‘ಲಿಬ್‌ಎಸ್‌ಎಸ್‌ಎಲ್ 10’ ಸಿಗುತ್ತಿಲ್ಲ ಎಂದು ಹೇಳಿ ನಿಂತುಬಿಟ್ಟಿತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಕಂಪೈಲ್ ಮಾಡಿದ ತಂತ್ರಾಂಶ ತನಗೆ ಬೇಕಾದ ಎಲ್ಲವನ್ನೂ ಹೊತ್ತುಕೊಂಡಿರುವುದಿಲ್ಲ. ಗುಪ್ತಲಿಪಿಯಂಥ ಸಾಮಾನ್ಯ ಕೆಲಸಗಳನ್ನು ‘ಲೈಬ್ರರಿ’ ಎಂಬ ಹಂಚಿಕೆಯ ಕಡತಗಳಿಗೆ ಬಿಟ್ಟು, ಅವುಗಳ ಹೆಸರು ಮತ್ತು ಸಂಖ್ಯೆಯನ್ನಷ್ಟೇ ಬರೆದಿಟ್ಟುಕೊಂಡಿರುತ್ತದೆ. ಚಾಲೂ ಆಗುವ ಗಳಿಗೆಯಲ್ಲಿ ವ್ಯವಸ್ಥೆ ಅವನ್ನು ಹುಡುಕಿ ಜೋಡಿಸುತ್ತದೆ. ಲಿಬ್‌ಎಸ್‌ಎಸ್‌ಎಲ್ ಎಂಬುದು ಓಪನ್‌ಎಸ್‌ಎಸ್‌ಎಲ್ ಎಂಬ ಗುಪ್ತಲಿಪಿ ತಂತ್ರಾಂಶದ ಲೈಬ್ರರಿ. ಸೆಂಟ್‌ಓಎಸ್ 7ರಲ್ಲಿದ್ದ ಓಪನ್‌ಎಸ್‌ಎಸ್‌ಎಲ್ 1.0.2 ಆವೃತ್ತಿಯದು. ಹೊಸದರಲ್ಲಿರುವುದು 3ನೆಯ ಸರಣಿ. ಬಡಗಿ ಒಂದು ಚೌಕಟ್ಟಿಗೆ ಹತ್ತರಿ ಹೊಡೆದು ಕೂರಿಸಿದ ಬಾಗಿಲು ಬೇರೆ ಮನೆಯ ಚೌಕಟ್ಟಿಗೆ ಕೂರುವುದಿಲ್ಲವಷ್ಟೆ.

ಹೊಸ ಲೈಬ್ರರಿಗೆ ಹಳೆಯ ಹೆಸರು ಅಂಟಿಸುವ ಅಡ್ಡದಾರಿಯೊಂದಿದೆ. ದಯವಿಟ್ಟು ಹಿಡಿಯಬೇಡಿ. ಹೆಸರು ಒಂದೇ ಆದರೂ ಒಳಗಿನ ರಚನೆ ಬೇರೆ. ತಂತ್ರಾಂಶ ಏಳುವುದೇ ಇಲ್ಲ, ಎದ್ದರೂ ನಡುದಾರಿಯಲ್ಲಿ ಬೀಳುತ್ತದೆ. ಹಳೆಯ ಲೈಬ್ರರಿಯನ್ನೇ ಹೊತ್ತು ತರುವುದು ಇನ್ನೂ ಅಪಾಯ, ಏಕೆಂದರೆ ಅದು ಕೆಲಸ ಮಾಡಿಬಿಡುತ್ತದೆ. 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ ಇದೇ ಓಪನ್‌ಎಸ್‌ಎಸ್‌ಎಲ್‌ನದು. ಒಂದೊಂದು ಕೋರಿಕೆಗೆ 64 ಕಿಲೋಬೈಟ್‌ವರೆಗೂ ಸರ್ವರಿನ ಸ್ಮೃತಿ ಹೊರಗೆ ಸೋರುತ್ತಿತ್ತು. ಪ್ಯಾಕೇಜಿನಿಂದ ಬಂದ ಲೈಬ್ರರಿ ಇದ್ದವರು ಅದನ್ನು ಪರಿಷ್ಕರಿಸಿ ಸರ್ವರನ್ನು ಮತ್ತೆ ಚಾಲೂ ಮಾಡಿದರೆ ಆ ಬಿರುಕು ಮುಚ್ಚುತ್ತಿತ್ತು. ಸ್ವಂತ ಪ್ರತಿಯನ್ನು ಒಳಗೆ ಬೆಸೆದುಕೊಂಡಿದ್ದವರಿಗೆ ಆ ತಿದ್ದುಪಡಿ ತಾನಾಗಿ ತಲುಪುವ ದಾರಿಯೇ ಇರಲಿಲ್ಲ.

ಉಳಿದ ದಾರಿ ಮರಳಿ ಕಂಪೈಲ್ ಮಾಡುವುದು. ಯಾವ ಆಯ್ಕೆಗಳೊಂದಿಗೆ ಕಟ್ಟಿದ್ದರೆಂದು ಎಲ್ಲೂ ಬರೆದಿರಲಿಲ್ಲ. ಆದರೆ ಎಂಜಿನ್‌ಎಕ್ಸ್ ತನ್ನ ಜಾತಕವನ್ನು ತಾನೇ ಇಟ್ಟುಕೊಂಡಿರುತ್ತದೆ. ದೊಡ್ಡ ‘ವಿ’ ಅಕ್ಷರದ ಆಯ್ಕೆ ಕೊಟ್ಟು ಕರೆದರೆ ತನ್ನನ್ನು ಕಟ್ಟಿದಾಗಿನ ಆಯ್ಕೆಗಳನ್ನೆಲ್ಲ ಒಪ್ಪಿಸುತ್ತದೆ. ಪೋಸ್ಟ್‌ಗ್ರೆಸ್‌ನಲ್ಲೂ ಅಂಥ ಸಲಕರಣೆ ಇದೆ. ಇದನ್ನು ಯೋಚಿಸಿ ಇಟ್ಟವರನ್ನು ಆ ರಾತ್ರಿ ಮನಸಾರೆ ನೆನೆದೆ. ಎರಡೂ ಹೊಸ ಯಂತ್ರದಲ್ಲಿ ಕಟ್ಟಿ ನಿಂತವು. ದತ್ತಾಂಶದ ಕೋಶವನ್ನು ಇದ್ದ ಹಾಗೆ ನಕಲು ಮಾಡಿದೆ. ಜಾಲತಾಣ ತೆರೆಯಿತು.

ಸೋಮವಾರ ಗ್ರಂಥಪಾಲಕರ ಕರೆ ಬಂತು. “ಸರ್, ಪುಸ್ತಕ ಕಪಾಟಿನಲ್ಲೇ ಇದೆ. ಕಂಪ್ಯೂಟರ್ ಮಾತ್ರ ಇಲ್ಲ ಎನ್ನುತ್ತಿದೆ.”

ಕಾಣೆಯಾದವೆಲ್ಲ ಹೆಚ್ಚುಕಡಿಮೆ ಸಂಪುಟಗಳೇ. ಹನ್ನೊಂದನೆಯ ಪುಸ್ತಕದ ಸಂಖ್ಯೆ 11. ಒಂದನೆಯ ಕೃತಿಯ ಮೊದಲ ಸಂಪುಟವಾದರೆ ನಡುವೆ ಅಡ್ಡಗೆರೆ ಎಳೆದು 1-1. ಅಡ್ಡಗೆರೆ ಇದ್ದವೇ ಸಿಗುತ್ತಿರಲಿಲ್ಲ.

ಪೋಸ್ಟ್‌ಗ್ರೆಸ್ ಹುಡುಕಲು ಬಳಸುವ ಸೂಚಿ ನಿಘಂಟಿನಂತೆ ಕ್ರಮವಾಗಿ ಜೋಡಿಸಿದ ಪಟ್ಟಿ. ನಿಘಂಟಿನಲ್ಲಿ ‘ಮಳೆ’ ಹುಡುಕುವವರು ಮೊದಲ ಪುಟದಿಂದ ಓದುವುದಿಲ್ಲ. ನಡುವೆ ತೆರೆದು, ಹಿಂದೆಯೋ ಮುಂದೆಯೋ ಎಂದು ನೋಡಿ ಅರ್ಧವನ್ನು ಕೈಬಿಡುತ್ತಾರೆ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಲಕ್ಷ ನಮೂದುಗಳಲ್ಲಿ ಒಂದನ್ನು ಹಿಡಿಯಲು 17 ಹೋಲಿಕೆ ಸಾಕು. ಆದರೆ ಬೇಕಾದದ್ದು ಹಿಂದಿದೆಯೋ ಮುಂದಿದೆಯೋ ಎಂಬ ತೀರ್ಪನ್ನು ನಮ್ಮ ಪೋಸ್ಟ್‌ಗ್ರೆಸ್ ತಾನೇ ಕೊಡುತ್ತಿರಲಿಲ್ಲ. ಕಾರ್ಯಾಚರಣಾ ವ್ಯವಸ್ಥೆಯ ಮೂಲ ಲೈಬ್ರರಿಯಾದ ಜಿಲಿಬ್‌ಸಿಯನ್ನು ಕೇಳುತ್ತಿತ್ತು. 2018ರ ಆಗಸ್ಟ್‌ನಲ್ಲಿ ಬಂದ ಜಿಲಿಬ್‌ಸಿ 2.28 ಈ ಅಕ್ಷರಕ್ರಮವನ್ನು ಅಂತರರಾಷ್ಟ್ರೀಯ ಮಾನದಂಡದ ಹೊಸ ಆವೃತ್ತಿಗೆ ಹೊಂದಿಸಿತು. ನಮ್ಮ ಹಳೆಯ ಯಂತ್ರದಲ್ಲಿದ್ದುದು 2.17, ಹೊಸದರಲ್ಲಿ 2.34. ಸೂಚಿಯನ್ನು ಜೋಡಿಸಿದ್ದು ಹಳೆಯ ಕ್ರಮದಲ್ಲಿ, ಹುಡುಕುತ್ತಿದ್ದುದು ಹೊಸ ಕ್ರಮದಲ್ಲಿ. ಪುಸ್ತಕವಿದ್ದ ಅರ್ಧವನ್ನೇ ಕೈಬಿಟ್ಟು ಮುಂದೆ ಹೋದರೆ ಸಿಗುವುದೆಲ್ಲಿ? ದೋಷದ ಸೂಚನೆ ಒಂದೂ ಬರಲಿಲ್ಲ. ನನ್ನನ್ನು ಇಂದಿಗೂ ಕಾಡುವುದು ಅದೇ.

ಎರಡೂ ಯಂತ್ರಗಳನ್ನು ಅಕ್ಕಪಕ್ಕ ತೆರೆದು, 11 ಮತ್ತು 1-1 ಎಂಬ ಎರಡೇ ಸಾಲುಗಳನ್ನು ಕ್ರಮವಾಗಿ ಜೋಡಿಸಲು ಕೇಳಿದೆ. ಹಳೆಯದು 11 ಅನ್ನು ಮೊದಲಿಟ್ಟಿತು. ಹೊಸದು 1-1 ಅನ್ನು ಮೊದಲಿಟ್ಟಿತು. ದತ್ತಾಂಶವನ್ನು ಪಠ್ಯವಾಗಿ ಹೊರತೆಗೆದು ಹೊಸದರಲ್ಲಿ ತುಂಬಿದ್ದರೆ ಸೂಚಿ ಅಲ್ಲಿಯೇ ಹೊಸದಾಗಿ ಕಟ್ಟಿಕೊಳ್ಳುತ್ತಿತ್ತು, ಈ ತೊಡಕೇ ಇರುತ್ತಿರಲಿಲ್ಲ.

ಎಲ್ಲ ಸೂಚಿಗಳನ್ನು ಮರಳಿ ಕಟ್ಟುವ ಆದೇಶ ಕೊಟ್ಟೆ. ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು. ಗ್ರಂಥಪಾಲಕರಿಗೆ ಕರೆ ಮಾಡಿ ಇನ್ನೊಮ್ಮೆ ನೋಡಿ ಎಂದೆ. ಅವರು ಅಂಕಿ, ಅಡ್ಡಗೆರೆ, ಅಂಕಿ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಕೀಲಿಗಳನ್ನು ಒತ್ತಿದರು. “ಬಂತು ಸರ್,” ಎಂದವರು ಮುಂದಿನ ಸಂಪುಟದ ಸಂಖ್ಯೆ ಹೇಳಿಕೊಳ್ಳತೊಡಗಿದರು.