ಆಘಾತದ ಏಕವ್ಯಕ್ತಿ ನಾಟಕ: ಬರೆಯುವಾಗ, ಆಡುವಾಗ, ಆಡಿ ಮುಗಿಸಿದ ಮೇಲೆ

ಆಘಾತವನ್ನು ಕುರಿತ ಏಕವ್ಯಕ್ತಿ ನಾಟಕಗಳ ಮೊದಲ ಕರಡುಗಳಲ್ಲಿ ಒಂದೇ ದೋಷ ಮತ್ತೆ ಮತ್ತೆ ಕಾಣುತ್ತದೆ. ಘಟನೆ ಶುರುವಾಗುತ್ತದೆ, ಬೆಳೆಯುತ್ತದೆ, ಮುಗಿಯುತ್ತದೆ. ಪಾತ್ರಕ್ಕೆ ಎಲ್ಲವೂ ನೆನಪಿದೆ, ಅದೂ ಸಾಲಾಗಿ. ಆಘಾತ ಅನುಭವಿಸಿದ ಎಷ್ಟೋ ಮಂದಿಯ ನೆನಪು ಹೀಗಿರುವುದಿಲ್ಲ. ಬಾಗಿಲ ಚಿಲಕದ ಬಣ್ಣ ಕಣ್ಣಿಗೆ ಕಟ್ಟಿದಂತಿರುತ್ತದೆ, ಅದು ಯಾವ ತಿಂಗಳು ಎನ್ನುವುದೇ ಹೊಳೆಯುವುದಿಲ್ಲ. ಒಂದು ವಾಸನೆ ಈಗಷ್ಟೇ ಬಂದಂತಿರುತ್ತದೆ, ಅದಕ್ಕೂ ಹಿಂದಿನ ಅರ್ಧ ಗಂಟೆ ಪೂರ್ತಿ ಖಾಲಿ.

ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ತನ್ನ ರೋಗನಿದಾನ ಕೈಪಿಡಿಯ ಮೂರನೇ ಆವೃತ್ತಿಗೆ ಪಿಟಿಎಸ್‌ಡಿಯನ್ನು, ಅಂದರೆ ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆಯನ್ನು, ಸೇರಿಸಿತು. ಆಗ ಪಟ್ಟಿ ಮಾಡಿದ ಲಕ್ಷಣಗಳಲ್ಲಿ ಎರಡು ನಾಟಕಕಾರರಿಗೆ ನೇರವಾಗಿ ಕೆಲಸಕ್ಕೆ ಬರುತ್ತವೆ: ಬೇಡವೆಂದರೂ ನುಗ್ಗಿಬರುವ ನೆನಪು, ಮತ್ತು ಅದನ್ನು ಕೆದಕುವ ಕೆಲಸಗಳಿಂದ ತಪ್ಪಿಸಿಕೊಳ್ಳುವುದು. ಒಬ್ಬರೇ ಇರುವ ರಂಗದಲ್ಲಿ ಸಂಘರ್ಷ ಎಲ್ಲಿಂದ ತರುವುದು ಎಂದು ತಲೆ ಕೆಡಿಸಿಕೊಳ್ಳುವವರಿಗೆ ಉತ್ತರ ಇಲ್ಲೇ ಇದೆ. ಪಾತ್ರ ಒಂದು ಮಾತನ್ನು ಹೇಳಬಾರದೆಂದು ಹಟ ಹಿಡಿದಿದೆ, ಆ ಮಾತು ಹೊರಬರಲು ದಾರಿ ಹುಡುಕುತ್ತಿದೆ. ಈ ಎಳೆದಾಟ ಇಲ್ಲದ ಪಠ್ಯ ಹೇಳಿಕೆಯಾಗುತ್ತದೆ, ನಾಟಕವಾಗುವುದಿಲ್ಲ.

ಎಳೆದಾಟ ಕಾಣಬೇಕಾದರೆ ಪಾತ್ರಕ್ಕೆ ವರ್ತಮಾನದಲ್ಲಿ ಒಂದು ಕೈಕೆಲಸ ಬೇಕು. ಮನೆ ಖಾಲಿ ಮಾಡುವುದು, ಅರ್ಜಿ ತುಂಬುವುದು, ವಿಚಾರಣೆಗೆ ಕರೆಯುವವರೆಗೆ ಕಾಯುವುದು, ಇಂಥದ್ದು. ಹಂತಗಳಿರುವ ಕೆಲಸವಾದರೆ ಒಳ್ಳೆಯದು, ಎಷ್ಟು ಮುಗಿದಿದೆ, ಎಲ್ಲಿ ನಿಂತುಹೋಯಿತು ಎಂಬುದು ಪ್ರೇಕ್ಷಕರಿಗೆ ಹೇಳದೆಯೇ ತಿಳಿಯುತ್ತದೆ. ಮನೆ ಖಾಲಿ ಮಾಡುವ ನಾಟಕದಲ್ಲಿ ಡಬ್ಬಿಗೆ ಹದಿನಾಲ್ಕು ವಸ್ತು ಹೋಗಬೇಕು ಎಂದಿಟ್ಟುಕೊಳ್ಳಿ. ವಸ್ತುವಿಗೊಂದರಂತೆ ನೆನಪು ಹೆಣೆದರೆ ಮೂರನೆಯದಕ್ಕೇ ಪ್ರೇಕ್ಷಕರು ಲೆಕ್ಕ ಹಾಕತೊಡಗುತ್ತಾರೆ, ಇನ್ನೆಷ್ಟು ಉಳಿದಿದೆ ಎಂದು ಡಬ್ಬಿಯನ್ನೇ ನೋಡುತ್ತಾರೆ. ಹದಿನಾಲ್ಕರಲ್ಲಿ ಮೂರು ಮಾತ್ರ ಪಾತ್ರವನ್ನು ತಡೆದು ನಿಲ್ಲಿಸಲಿ. ಒಂದು ವಸ್ತುವನ್ನು ಪಾತ್ರ ಮಾತಿಲ್ಲದೆ ಪಕ್ಕಕ್ಕಿಡಲಿ, ಮತ್ತೆ ಅದರತ್ತ ತಿರುಗದಿರಲಿ. ಕೊನೆಯವರೆಗೂ ಪ್ರೇಕ್ಷಕರ ಕಣ್ಣು ಅದರ ಮೇಲೇ ಇರುತ್ತದೆ.

ಅವಧಿಯ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ. 60ರಿಂದ 70 ನಿಮಿಷ ಸಾಕು, ನಡುವೆ ವಿರಾಮ ಬೇಡ. ಗಟ್ಟಿಯಾಗಿ ಓದಿದಾಗ 50 ನಿಮಿಷ ಹಿಡಿಯುವ ಪಠ್ಯ ಮೌನ, ಚಲನೆ, ಕೈಕೆಲಸ ಎಲ್ಲ ಸೇರಿ ರಂಗದ ಮೇಲೆ 65 ನಿಮಿಷದ ಹತ್ತಿರ ಬರುತ್ತದೆ. ಓದಿದಾಗಲೇ 65 ಆದರೆ ಕತ್ತರಿ ಹಾಕಿ. ಮೊದಲು ಕತ್ತರಿಸಬೇಕಾದದ್ದು ಪಾತ್ರ ತನ್ನ ನೋವನ್ನು ತಾನೇ ವಿವರಿಸಿಕೊಳ್ಳುವ ಸಾಲುಗಳನ್ನು.

ಇನ್ನು ರಂಗದ ಮೇಲೆ ಇಲ್ಲದವರ ಪ್ರಶ್ನೆ. ನಾಟ್ಯಶಾಸ್ತ್ರ ಹೇಳುವ ಹತ್ತು ರೂಪಕಗಳಲ್ಲಿ, ಅಂದರೆ ನಾಟಕದ ಬಗೆಗಳಲ್ಲಿ, ಒಂದಾದ ಭಾಣ ಒಬ್ಬನೇ ನಟ ಆಡುವ ರೂಪ. ಕಾಣದವರ ಮಾತನ್ನು ಕೇಳಿಸಿಕೊಂಡವನಂತೆ ನಿಂತು, ‘ಏನಂದೆ? ನಾಳೆ ಬರುತ್ತೇನೆ ಅಂದೆಯಾ?’ ಎಂದು ತಾನೇ ಮರುನುಡಿದು ಉತ್ತರಿಸುವ ಆಕಾಶಭಾಷಿತ ಅದರ ಮುಖ್ಯ ಉಪಾಯ. ಭಾಣದ ಲಘು ಹಾಸ್ಯಕ್ಕೆ ಈ ಮರುನುಡಿ ಚೆನ್ನಾಗಿ ಒಪ್ಪುತ್ತದೆ. ಆಘಾತದ ನಾಟಕದಲ್ಲಿ ಅದನ್ನು ಬಿಟ್ಟುಬಿಡಬೇಕು, ಕೇಳಿಸಿಕೊಳ್ಳುವುದು ಮತ್ತು ಉತ್ತರ ಮಾತ್ರ ಉಳಿಯಬೇಕು. ನಡುವಿನ ಎರಡು ಮೂರು ಸೆಕೆಂಡಿನಲ್ಲಿ ಆ ಇನ್ನೊಬ್ಬರು ಏನೆಂದಿರಬಹುದು ಎಂದು ಪ್ರೇಕ್ಷಕರೇ ತುಂಬಿಕೊಳ್ಳುತ್ತಾರೆ, ನಾವು ಬರೆಯಬಹುದಾಗಿದ್ದ ಮಾತಿಗಿಂತ ಅದು ಹೆಚ್ಚು ಕಟುವಾಗಿರುತ್ತದೆ. ಎದುರಿರುವವರು ಯಾರೆಂದು ತಿಳಿಸಲು ‘ಅಕ್ಕಾ, ನೀನು ಅವತ್ತು ಮನೇಲಿದ್ದೆ’ ಎನ್ನುವಷ್ಟು ಸಾಕು. ‘ನನ್ನ ಅಕ್ಕ ಇಲ್ಲಿ ಕುಳಿತಿದ್ದಾಳೆ’ ಎಂದು ಪಾತ್ರದ ಬಾಯಿಂದ ಪರಿಚಯ ಮಾಡಿಸುವುದು ಬೇಡ.

ಈ ಕೇಳಿಸಿಕೊಳ್ಳುವಿಕೆ ನಟರಿಗೆ ಕಷ್ಟ. ಎದುರು ಯಾರೂ ಇಲ್ಲವಾದ್ದರಿಂದ ಮೂರು ಸೆಕೆಂಡು ಒಂದು ಸೆಕೆಂಡಿಗೆ ಇಳಿಯುತ್ತದೆ, ದೃಷ್ಟಿ ತೇಲುತ್ತದೆ. ತಾಲೀಮಿನ ಮೊದಲ ಎರಡು ವಾರ ಇನ್ನೊಬ್ಬ ನಟರನ್ನು ಆ ಜಾಗದಲ್ಲಿ ಕೂರಿಸಿ, ಕಾಣದವರ ಮಾತುಗಳನ್ನು ಬರೆದು ಅವರಿಂದ ಗಟ್ಟಿಯಾಗಿ ಹೇಳಿಸಿ. ಮೂರನೇ ವಾರ ಅವರು ತುಟಿಯಷ್ಟೇ ಅಲುಗಿಸಲಿ. ಆಮೇಲೆ ಅವರನ್ನು ಎಬ್ಬಿಸಿ, ಅವರ ಕಣ್ಣಿದ್ದ ಎತ್ತರಕ್ಕೆ ಗೋಡೆಯ ಮೇಲೆ ಒಂದು ಟೇಪ್ ತುಂಡು ಅಂಟಿಸಿ. ಕೊನೆಯ ವಾರ ಅದನ್ನೂ ಕಿತ್ತುಹಾಕಿ. ಮಗುವಿನ ಕಣ್ಣೆತ್ತರ, ಕುಳಿತವರ ಕಣ್ಣೆತ್ತರ, ನಿಂತವರ ಕಣ್ಣೆತ್ತರ ಬೇರೆ ಬೇರೆ. ಇಡೀ ನಾಟಕದಲ್ಲಿ ಒಬ್ಬರ ದೃಷ್ಟಿಬಿಂದು ಒಮ್ಮೆಯೂ ಬದಲಾಗಬಾರದು.

ನಟರೇ ಇತರ ಪಾತ್ರಗಳನ್ನು ಆಡುವ ಕ್ರಮವೂ ಇದೆ. ಹಾಗಾದರೆ ಒಟ್ಟು ಐದಾರು ಜನರಿಗಿಂತ ಹೆಚ್ಚು ಬೇಡ, ತಲಾ ಎರಡು ಗುರುತು ಸಾಕು: ಒಂದು ಮೈಭಾರ ಎಲ್ಲಿದೆ ಎಂಬುದು, ಇನ್ನೊಂದು ಕೈಯೋ ಕುತ್ತಿಗೆಯೋ. ದನಿ ಬದಲಿಸುವುದು ಕೊನೆಯ ಉಪಾಯ. ಪಾತ್ರ ಬದಲಾದಾಗಲೆಲ್ಲ ಇಡೀ ಮೈ ತಿರುಗಿಸುವ ನಟರು ಹತ್ತು ನಿಮಿಷದಲ್ಲಿ ಗಾಳಿಪಂಖದಂತೆ ಕಾಣತೊಡಗುತ್ತಾರೆ. ಮುಖವನ್ನು ಸುಮಾರು 30 ಡಿಗ್ರಿ ತಿರುಗಿಸಿದರೆ ಸಾಕು, ಇಬ್ಬರ ನಡುವಿನ ಜಾಗ ಕಾಣಿಸುತ್ತದೆ.

ಅದೇ ವ್ಯಕ್ತಿಯ ಹಿಂದಿನ ‘ನಾನು’ ಮತ್ತು ಈಗಿನ ‘ನಾನು’ ಬೇರೆಯಾಗಿರುವುದನ್ನು ತೋರಿಸಲು ಮಗುವಿನ ದನಿ ತೆಗೆಯುವುದನ್ನು ದಯವಿಟ್ಟು ನಿಲ್ಲಿಸಬೇಕು. ಪಠ್ಯದಲ್ಲೇ ಮಾಡಬಹುದಾದ ಕೆಲಸವಿದು. ಘಟನೆಯನ್ನು ಪಾತ್ರ ಬೇರೆ ಯಾರದೋ ಎಂಬಂತೆ ಹೇಳುತ್ತಿರುತ್ತದೆ: ‘ಆ ಹುಡುಗಿ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದೇ ಇತ್ತು. ಒಳಗೆ ಹೋದೆ.’ ಕೊನೆಯ ಕ್ರಿಯಾಪದದಲ್ಲಿ ಗುಟ್ಟು ಜಾರುತ್ತದೆ. ನಟರು ಅದನ್ನು ಒತ್ತಿ ಹೇಳಬಾರದು, ತಡೆದು ನಿಲ್ಲಲೂಬಾರದು. ಮುಂದಿನ ವಾಕ್ಯದಲ್ಲಿ ಮತ್ತೆ ‘ಅವಳು’ ಬಂದುಬಿಡಲಿ. ಇಂಥ ಜಾರುವಿಕೆ ಇಡೀ ನಾಟಕದಲ್ಲಿ ಒಮ್ಮೆ, ತಪ್ಪಿದರೆ ಎರಡು ಸಲ. ಮೂರನೆಯದು ತಂತ್ರವಾಗಿ ಕಾಣುತ್ತದೆ.

ಈಗ ಬರುವುದು ನಿಜವಾದ ಅಪಾಯ: ಮಾತು ಮರೆಯುವುದು. ನೆನಪಿನ ನಾಟಕಗಳಲ್ಲಿ ಒಂದೇ ವಾಕ್ಯ ಮೂರು, ನಾಲ್ಕು, ಐದು ಸಲ ಮರಳಿ ಬರುತ್ತದೆ. ‘ಅವತ್ತು ಮಳೆ ಇರಲಿಲ್ಲ’ ಎಂಬ ಸಾಲು 12ನೇ ನಿಮಿಷದಲ್ಲೂ 31ನೇ ನಿಮಿಷದಲ್ಲೂ 50ನೇ ನಿಮಿಷದಲ್ಲೂ ಇದ್ದರೆ, ಎರಡನೆಯದನ್ನು ಹೇಳಿದ ನಟರ ಬಾಯಿಂದ ಮೂರನೆಯದರ ಮುಂದಿನ ಮಾತು ಬಂದುಬಿಡುವುದು ತೀರ ಸಹಜ. ಹತ್ತೊಂಬತ್ತು ನಿಮಿಷದ ನಾಟಕ ಮಾಯ. ಇನ್ನೂ ಕೆಟ್ಟದ್ದು ಹಿಂದಕ್ಕೆ ಜಾರುವುದು, ಆಡಿದ್ದನ್ನೇ ಮತ್ತೆ ಆಡುವ ಸುಳಿಗೆ ಬೀಳುವುದು. ಸಹನಟರಿಲ್ಲ, ಎಳೆದು ದಡಕ್ಕೆ ಹಾಕುವವರಿಲ್ಲ.

ಇದಕ್ಕೆ ಮದ್ದು ಕಂಠಪಾಠವನ್ನು ಹೆಚ್ಚಿಸುವುದಲ್ಲ. ಪ್ರತಿ ಪುನರಾವರ್ತನೆಯನ್ನೂ ಬೇರೆ ಜಾಗಕ್ಕೆ, ಬೇರೆ ಕೈಕೆಲಸಕ್ಕೆ ಕಟ್ಟಬೇಕು. ಮೊದಲ ಸಲ ಕುರ್ಚಿಯಲ್ಲಿ ಕುಳಿತು, ಕೈಯಲ್ಲಿ ಟವೆಲ್. ಎರಡನೇ ಸಲ ರಂಗದ ಬಲಮುಂಭಾಗದಲ್ಲಿ ಬರಿಗೈ. ಮೂರನೇ ಸಲ ಮಂಡಿಯೂರಿ, ಡಬ್ಬಿ ಮುಚ್ಚುತ್ತಾ. ಬಾಯಿ ತಪ್ಪಿದರೂ ಮೈ ತಾನು ಎಲ್ಲಿದ್ದೇನೆಂದು ನೆನಪಿಸುತ್ತದೆ. ಜೊತೆಗೆ ಪಠ್ಯವನ್ನು ಆರೇಳು ನಿಮಿಷದ ತುಂಡುಗಳಾಗಿ ಒಡೆದು, ಪ್ರತಿ ತುಂಡಿನ ಮೊದಲ ವಾಕ್ಯವನ್ನು ಲಂಗರಿನ ಸಾಲು ಎಂದು ಗುರುತಿಸಿ. ತಾಲೀಮಿನಲ್ಲಿ ತುಂಡುಗಳನ್ನು ಕ್ರಮ ತಪ್ಪಿಸಿ ಆಡಿಸಿ: ಐದರಿಂದ ಶುರು, ಆಮೇಲೆ ಎರಡು, ಆಮೇಲೆ ಎಂಟು. ಹೀಗೆ ಕಲಿತವರು ಸಿಕ್ಕಿಬಿದ್ದಾಗ ಹತ್ತಿರದ ಲಂಗರಿಗೆ ಹಾರಬಲ್ಲರು. ಮೊದಲಿನಿಂದ ಕೊನೆಗೆ ಮಾತ್ರ ಓಡಿಸಿ ಕಲಿತವರಿಗೆ ಎಳೆ ಕಡಿದರೆ ಮತ್ತೆ ಮೊದಲಿನಿಂದಲೇ ಬೇಕಾಗುತ್ತದೆ.

ಬೆಳಕು ಮತ್ತು ಧ್ವನಿ ನಡೆಸುವವರಿಗೂ ಇದೇ ಕಾರಣಕ್ಕೆ ಮಾತಿನ ಕ್ಯೂ (ಯಾವಾಗ ಬದಲಿಸಬೇಕೆಂಬ ಸೂಚನೆ) ಕೊಡಬೇಡಿ. ಮರಳಿ ಬರುವ ಸಾಲನ್ನು ಕ್ಯೂ ಮಾಡಿಕೊಂಡರೆ 50ನೇ ನಿಮಿಷದ ಕತ್ತಲು 12ನೇ ನಿಮಿಷದಲ್ಲೇ ಬೀಳಬಹುದು. ಕ್ಯೂ ಕ್ರಿಯೆಗೆ ಕಟ್ಟಿರಲಿ: ‘ಡಬ್ಬಿ ಮುಚ್ಚಿದ ಮೇಲೆ’, ‘ಎಡಗೈ ಗೋಡೆ ಮುಟ್ಟಿದಾಗ’. ನಟರು ಹಾರಿದರೆ ಎಲ್ಲಿ ಸೇರಿಕೊಳ್ಳಬೇಕೆಂಬ ಒಂದು ಪುಟದ ನಕ್ಷೆ ಬೆಳಕು, ಧ್ವನಿ ನಡೆಸುವವರ ಮುಂದೆ ಸದಾ ಇರಬೇಕು.

ಬೆಳಕಿನ ಬಗ್ಗೆ ಒಂದು ತಕರಾರು. ನೆನಪು ಬಂತೆಂದರೆ ನೀಲಿ ಬೆಳಕು, ಹೊಗೆ, ಪ್ರತಿಧ್ವನಿ. ಇಷ್ಟೆಲ್ಲ ಡಂಗುರ ಸಾರಿ ಬರುವ ನೆನಪಿಗೆ ಪಾತ್ರ ಬೆಚ್ಚಿಬೀಳುವುದಾದರೂ ಏಕೆ? ನುಗ್ಗುವ ನೆನಪಿಗೆ ಸೂಚನೆ ಇರುವುದಿಲ್ಲ. ಮೊದಲ ಸಲ ಬೆಳಕನ್ನು ಮುಟ್ಟಲೇಬೇಡಿ, ನಟರ ಮೈ ಮಾತ್ರ ಬದಲಾಗಲಿ. ಎರಡನೇ ಸಲ ಮೈ ಮುಂದೆ, ಬೆಳಕು ಎರಡು ಸೆಕೆಂಡು ಹಿಂದೆ. ಒಟ್ಟು ಐದು ಬೆಳಕಿನ ಸ್ಥಿತಿಗಳು ಸಾಕು. ಅವುಗಳಲ್ಲಿ ಒಂದು ಬದಲಾವಣೆ 90 ಸೆಕೆಂಡಿನಷ್ಟು ನಿಧಾನವಾಗಿರಲಿ, ಜಾಗ ಕಿರಿದಾಗಿದ್ದು ಮುಗಿದ ಮೇಲಷ್ಟೇ ಗಮನಕ್ಕೆ ಬರುವ ಹಾಗೆ. ಫಕ್ಕನೆ ಆರುವ ಬೆಳಕು ಇಡೀ ಪ್ರಯೋಗದಲ್ಲಿ ಒಂದೇ ಸಲ. ಮಿನುಗು ಬೆಳಕು ಬೇಡವೇ ಬೇಡ: ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗಿದರೆ ಬೆಳಕಿಗೆ ಸೂಕ್ಷ್ಮವಾಗಿರುವ ಅಪಸ್ಮಾರದವರಿಗೆ ಸೆಳವು ಬರುವ ಅಪಾಯವಿದೆ. ಧ್ವನಿಯಲ್ಲಿ, ಲಿಫ್ಟಿನ ಗಂಟೆಯಂಥ ಒಂದು ಸಾದಾ ಸದ್ದನ್ನು ಆರಿಸಿಕೊಳ್ಳಿ. ಮೊದಲ ಸಲ ಅದು ಬರಿಯ ಸದ್ದು. ಎರಡನೇ ಸಲ ಪಾತ್ರದ ಕೈ ನಿಲ್ಲುತ್ತದೆ. ಮೂರನೇ ಸಲ ಸದ್ದೇ ಇಲ್ಲ, ಆದರೂ ಕೈ ನಿಲ್ಲುತ್ತದೆ.

ನಟರ ಮೈಗೆ ಬರೋಣ. ಭಾವಸ್ಮರಣೆಯಿಂದ, ಅಂದರೆ ನಟರು ಸ್ವಂತ ಅನುಭವವನ್ನು ನೆನೆದು ಭಾವ ತರಿಸಿಕೊಳ್ಳುವುದರಿಂದ, ಶುರುಮಾಡಿದ ರಷ್ಯಾದ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ತಮ್ಮ ಕೊನೆಯ ವರ್ಷಗಳಲ್ಲಿ ದೈಹಿಕ ಕ್ರಿಯೆಗಳತ್ತ ಹೊರಳಿದರು. ಆಘಾತದ ನಾಟಕಕ್ಕೆ ಆ ಎರಡನೆಯ ದಾರಿಯೇ ಸರಿ. ಸ್ವಂತ ಗಾಯವನ್ನು ದಿನವೂ ಕೆದಕಿ ಅಳು ತರಿಸಿಕೊಳ್ಳುವವರ ಅಳು ಕೆಲವೇ ಪ್ರಯೋಗಗಳಲ್ಲಿ ಬತ್ತುತ್ತದೆ, ಇಲ್ಲವೇ ಹಿಡಿತ ತಪ್ಪುತ್ತದೆ. ಉಸಿರು, ದೃಷ್ಟಿ, ಸ್ನಾಯುಗಳ ಬಿಗಿ, ಇವನ್ನು ಸ್ವರ ಕೂಡಿಸಿದಂತೆ ಕೂಡಿಸಿಟ್ಟರೆ ಪ್ರತಿದಿನವೂ ಸಿಗುತ್ತದೆ. ಗಾಬರಿಯ ದೃಶ್ಯದಲ್ಲಿ ನಿಜವಾಗಿಯೇ ವೇಗವಾಗಿ, ಆಳವಾಗಿ ಉಸಿರಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ಮುಂದಿನ ಮಾತು ಕೈಕೊಡುತ್ತದೆ. ಉಸಿರನ್ನು ಒಳಗೆಳೆಯುವಾಗ ಸದ್ದು ಮಾಡಿ, ಎಳೆದುಕೊಳ್ಳುವ ಗಾಳಿ ಕಡಿಮೆಯಿರಲಿ, ಬಿಡುವುದು ನಿಧಾನವಾಗಲಿ. ದೂರದಿಂದ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಕಥೆ ನಟರದ್ದೇ ಆಗಿದ್ದರೆ ತಾಲೀಮಿಗೆ ಮುಂಚೆ ಒಂದು ಪರೀಕ್ಷೆ. ಘಟನೆಯನ್ನು ನಂಬಿಕೆಯ ಇಬ್ಬರ ಮುಂದೆ ಅಭಿನಯವಿಲ್ಲದೆ, ವರದಿ ಒಪ್ಪಿಸಿದಂತೆ ಹೇಳಲಿ. ಆಮೇಲಿನ ರಾತ್ರಿಗಳಲ್ಲಿ ನಿದ್ದೆ ಕೆಟ್ಟರೆ, ದಿನದ ಕೆಲಸ ನಿಂತರೆ ಆ ಭಾಗ ಈ ವರ್ಷದ ನಾಟಕಕ್ಕೆ ಬೇಡ. ಬೇಕಾದದ್ದು ಆಪ್ತಸಮಾಲೋಚಕರು, ರಂಗವಲ್ಲ. ನಿರ್ದೇಶಕರು ಆ ಸ್ಥಾನದಲ್ಲಿ ಕೂರಲೂಬಾರದು. ಪರೀಕ್ಷೆ ದಾಟಿದವರಿಗೂ ಅತಿ ಕಠಿಣ ದೃಶ್ಯವನ್ನು ಒಂದು ತಾಲೀಮಿನಲ್ಲಿ ಪೂರ್ಣ ಬಲದಿಂದ ಎರಡು ಸಲಕ್ಕಿಂತ ಹೆಚ್ಚು ಆಡಿಸಬೇಡಿ. ಉಳಿದ ಸಲ ಅರ್ಧದನಿಯಲ್ಲಿ ಜಾಗ, ಚಲನೆ ಮಾತ್ರ ನೋಡಿಕೊಳ್ಳಿ. ಆ ದೃಶ್ಯವನ್ನು ದಿನದ ನಡುವೆ ಇಟ್ಟುಕೊಳ್ಳಿ. ದಿನದ ಕೊನೆಗಿಟ್ಟರೆ ಅದೇ ಮನೆಗೆ ಹೋಗುತ್ತದೆ.

ಪಾತ್ರದಿಂದ ಹೊರಬರುವುದಕ್ಕೂ ಒಂದು ಕ್ರಮ ಬೇಕು, ಅದನ್ನೂ ತಾಲೀಮು ಮಾಡಬೇಕು. ಉಸಿರು, ಮೈನಿಲುವು, ಮುಖಭಾವಗಳಿಂದ ಭಾವ ತರಿಸಲು ಚಿಲಿಯ ಸುಸಾನಾ ಬ್ಲಾಕ್ ರೂಪಿಸಿದ ಆಲ್ಬಾ ಎಮೋಟಿಂಗ್ ಪದ್ಧತಿಯಲ್ಲಿ ಪ್ರತಿ ಭಾವದ ನಂತರ ಹೀಗೊಂದು ಹೊರಬರುವ ಹಂತವಿದೆ: ನಿಧಾನದ ಸಮ ಉಸಿರು, ಮೈ ಚಾಚುವುದು, ಮುಖ ಸವರಿಕೊಳ್ಳುವುದು. ಇದಕ್ಕೆ ವೇಷ ಕಳಚಿ ಸ್ವಂತ ಬಟ್ಟೆ ಹಾಕಿಕೊಳ್ಳುವುದು, ಮುಖ ತೊಳೆಯುವುದು, ತನ್ನ ಹೆಸರನ್ನೂ ಇಂದಿನ ತಾರೀಖನ್ನೂ ಗಟ್ಟಿಯಾಗಿ ಹೇಳುವುದು ಸೇರಿಸಿ. ಹದಿನೈದು ನಿಮಿಷ ಹಿಡಿಯುತ್ತದೆ. ಆ ಹದಿನೈದು ನಿಮಿಷ ಗ್ರೀನ್ ರೂಮಿಗೆ ಅಭಿನಂದಿಸುವವರನ್ನು ಬಿಡಬೇಡಿ.

ಪ್ರೇಕ್ಷಕರಿಗೆ ಮುನ್ಸೂಚನೆ ಕೊಡುವಾಗ ‘ಸೂಕ್ಷ್ಮ ವಿಷಯಗಳಿವೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಮಗುವಿನ ಮೇಲಿನ ಹಿಂಸೆಯ ವಿವರಣೆಯಿದೆ, ರಂಗದ ಮೇಲೆ ತೋರಿಸುವುದಿಲ್ಲ, ಒಮ್ಮೆ ಪೂರ್ತಿ ಕತ್ತಲಾಗುತ್ತದೆ’ ಎನ್ನಿ. ಕಥೆ ಬಯಲಾಗುವುದಿಲ್ಲ, ಎದ್ದು ಹೋಗಬೇಕಾದವರಿಗೆ ಮೊದಲೇ ಬಾಗಿಲ ಬಳಿಯ ಕುರ್ಚಿ ಹಿಡಿಯಲು ಆಗುತ್ತದೆ. ಬಾಗಿಲಲ್ಲಿ ನಿಂತವರು ಹೊರಹೋಗುವವರನ್ನು ತಡೆಯಬಾರದು, ಕಾರಣ ಕೇಳಬಾರದು. ನಟರು ಪ್ರೇಕ್ಷಕರ ನಡುವೆ ಇಳಿದು ಮೈ ಮುಟ್ಟುವ ರೂಢಿಯನ್ನು ಈ ಬಗೆಯ ನಾಟಕದಲ್ಲಿ ಪೂರ್ತಿ ಕೈಬಿಡಬೇಕು.

ನಾಟಕದ ನಂತರ ಸಂವಾದ ಇಟ್ಟುಕೊಂಡರೆ ನಡುವೆ ಇಪ್ಪತ್ತು ನಿಮಿಷ ಬಿಡಿ, ನಡೆಸಿಕೊಡಲು ಬೇರೊಬ್ಬರಿರಲಿ. ‘ಇದು ನಿಮಗೇ ಆದದ್ದಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಕೊಡಬೇಕೋ ಬೇಡವೋ ಎಂಬುದನ್ನು ಮೊದಲ ಪ್ರಯೋಗಕ್ಕೆ ಮುಂಚೆಯೇ ನಟರು ತೀರ್ಮಾನಿಸಿ ನಡೆಸಿಕೊಡುವವರಿಗೆ ತಿಳಿಸಿರಬೇಕು. ಬೇಡವೆಂದಿದ್ದರೆ ಮೈಕು ನಟರ ಕೈಗೆ ಹೋಗುವ ಮೊದಲೇ ನಡೆಸಿಕೊಡುವವರು ಪ್ರಶ್ನೆಯನ್ನು ಪಠ್ಯದತ್ತ ತಿರುಗಿಸುತ್ತಾರೆ. ಸಂವಾದದಲ್ಲಿ ಯಾರಾದರೂ ತಮ್ಮದೇ ಅನುಭವ ಹೇಳಲು ಎದ್ದು ನಿಂತರೆ ಪೂರ್ತಿ ಕೇಳಿ, ಆಮೇಲೆ ಅವರನ್ನು ಒಂಟಿಯಾಗಿ ಕಳಿಸಬೇಡಿ. ಅಂಥವರ ಜೊತೆ ಕೂತು ಮಾತಾಡಲು ತರಬೇತಿ ಪಡೆದ ಒಬ್ಬರು ಸಭಾಂಗಣದಲ್ಲೇ ಇರುವ ಏರ್ಪಾಡಿಲ್ಲದಿದ್ದರೆ ಸಂವಾದವನ್ನೇ ಇಟ್ಟುಕೊಳ್ಳಬೇಡಿ.