ಐದು ವರ್ಷದ ಲೆಕ್ಕ, ಅದರೊಳಗಿನ ಮೋಸ

ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ ಎಷ್ಟು ಜನ ಐದು ವರ್ಷ ದಾಟುತ್ತಾರೆ? ಒಂದು ಆಸ್ಪತ್ರೆಯ ಫೈಲ್ ನೋಡಿ ಇದನ್ನು ಹೇಳಲಾಗದು. ಅಲ್ಲಿಗೆ ಬರಲಾಗದೆ ಮನೆಯಲ್ಲೇ ತೀರಿಕೊಂಡವರು ಆ ಫೈಲಿನಲ್ಲಿ ಇರುವುದೇ ಇಲ್ಲ. ಅದಕ್ಕೇ ಒಂದು ಪ್ರದೇಶದ ಎಲ್ಲ ರೋಗಿಗಳನ್ನೂ ಬರೆದಿಡುವ ಕ್ಯಾನ್ಸರ್ ನೋಂದಣಿ ಬೇಕಾಯಿತು. ಡೆನ್ಮಾರ್ಕ್ 1942ರಲ್ಲೇ ಇಡೀ ದೇಶಕ್ಕೆ ಇದನ್ನು ಶುರುಮಾಡಿತು. ಅಮೆರಿಕದ ‘ಸೀರ್’ ಎಂಬ ನೋಂದಣಿ ವ್ಯವಸ್ಥೆ ಬಂದಿದ್ದು 1973ರಲ್ಲಿ.

ಹೆಸರು ಬರೆದುಕೊಂಡರೆ ಮುಗಿಯಲಿಲ್ಲ. ಇನ್ನೂ ಬದುಕಿರುವವರನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ? 1958ರಲ್ಲಿ ಕಾಪ್ಲಾನ್ ಮತ್ತು ಮಯರ್ ಎಂಬ ಸಂಖ್ಯಾಶಾಸ್ತ್ರಜ್ಞರು ಒಂದು ದಾರಿ ತೋರಿಸಿದರು: ಬದುಕಿದ್ದಾರೆಂದು ಕೊನೆಯದಾಗಿ ಗೊತ್ತಾದ ದಿನದವರೆಗೆ ಅವರನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳುವುದು. ಇನ್ನೊಂದು ತೊಡಕು, ಸತ್ತಿದ್ದು ಕ್ಯಾನ್ಸರ್‌ನಿಂದಲೋ, ಹೃದಯಾಘಾತದಿಂದಲೋ? ಮರಣ ಪತ್ರದಲ್ಲಿರುವ ಕಾರಣವನ್ನು ಪೂರ್ತಿ ನಂಬುವ ಹಾಗಿಲ್ಲ. ಹಾಗಾಗಿ ಅದೇ ವಯಸ್ಸಿನ, ಅದೇ ಲಿಂಗದ ಸಾಮಾನ್ಯ ಜನರ ಜೊತೆ ರೋಗಿಗಳನ್ನು ಹೋಲಿಸುವ ಪದ್ಧತಿ ಬಂತು. ವಯಸ್ಸು, ರೋಗದ ಹಂತ, ಚಿಕಿತ್ಸೆ ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ನೋಡಲು 1972ರಲ್ಲಿ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಕಾಕ್ಸ್ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ.

ಇಷ್ಟಾದರೂ ಸಂಖ್ಯೆ ನಮ್ಮನ್ನು ಏಮಾರಿಸಬಲ್ಲದು. ಒಬ್ಬರಿಗೆ 67ರಲ್ಲಿ ಗಡ್ಡೆ ಗೊತ್ತಾಗಿ 70ಕ್ಕೆ ತೀರಿಕೊಂಡರು ಅಂದುಕೊಳ್ಳಿ. ಬದುಕಿದ್ದು ಮೂರು ವರ್ಷ. ಅದೇ ಗಡ್ಡೆ ತಪಾಸಣೆಯಲ್ಲಿ 63ಕ್ಕೇ ಸಿಕ್ಕಿದ್ದರೆ? 70ಕ್ಕೇ ತೀರಿಕೊಂಡರೂ ಲೆಕ್ಕದಲ್ಲಿ ಏಳು ವರ್ಷ. ಆಯುಸ್ಸು ಒಂದು ದಿನವೂ ಹೆಚ್ಚಲಿಲ್ಲ, ರೋಗಿ ಅಂತ ಕರೆಸಿಕೊಂಡ ಕಾಲ ಮಾತ್ರ ಜಾಸ್ತಿಯಾಯಿತು, ಅಲ್ವಾ?

ದಕ್ಷಿಣ ಕೊರಿಯಾದಲ್ಲಿ ಇದರ ಇನ್ನೊಂದು ಮುಖ ಕಂಡಿತು. ಸುಮ್ನೆ ಇರಲಿ ಅಂತ ಮಾಡಿಸಿಕೊಂಡ ಅಲ್ಟ್ರಾಸೌಂಡ್‌ಗಳಿಂದಾಗಿ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರ 15 ಪಟ್ಟಾಗಿತ್ತು. ಸಾವಿನ ಪ್ರಮಾಣ ಇದ್ದಲ್ಲೇ ಇತ್ತು. ತೊಂದರೆಯನ್ನೇ ಕೊಡದ ಗಡ್ಡೆಗಳೆಲ್ಲ ಲೆಕ್ಕಕ್ಕೆ ಸೇರಿದರೆ ಬದುಕುಳಿದವರ ಪಾಲು ತಾನಾಗಿ ಏರುತ್ತದೆ. ನನ್ನ ಮಟ್ಟಿಗೆ, ಮರಣ ಪ್ರಮಾಣವನ್ನು ಪಕ್ಕದಲ್ಲಿಡದೆ ಹೇಳುವ ಬದುಕುಳಿವಿನ ಲೆಕ್ಕ ಅರ್ಧ ಸುದ್ದಿ.

ಹಾಗಂತ ಎಲ್ಲ ಏರಿಕೆಯೂ ಭ್ರಮೆಯಲ್ಲ. 71 ದೇಶಗಳ 322 ನೋಂದಣಿಗಳನ್ನು ಒಟ್ಟುಗೂಡಿಸಿ 2018ರಲ್ಲಿ ಬಂದ ‘ಕಾನ್ಕಾರ್ಡ್-3’ ಅಧ್ಯಯನ ನೋಡಿ. ಮಕ್ಕಳ ಒಂದು ಬಗೆಯ ರಕ್ತ ಕ್ಯಾನ್ಸರ್‌ನಲ್ಲಿ ಐದು ವರ್ಷ ದಾಟುವವರು ಫಿನ್ಲೆಂಡ್‌ನಲ್ಲಿ ನೂರಕ್ಕೆ 95, ಈಕ್ವೆಡಾರ್‌ನಲ್ಲಿ 50. ಈ ಅಂತರ ಬೇಗ ಪತ್ತೆಯಾಗುವುದರ ಆಟವಲ್ಲ. ಚಿಕಿತ್ಸೆ ಕೈಗೆ ಸಿಗುತ್ತದೋ, ಶುರುವಾದದ್ದು ಪೂರ್ತಿಯಾಗುತ್ತದೋ ಎಂಬುದೇ ಇಲ್ಲಿ ದೊಡ್ಡದು.

ಹಣದ ಪಾತ್ರ ಅಳೆಯುವುದು ಇನ್ನೂ ಕಷ್ಟ. ನೋಂದಣಿಯಲ್ಲಿ ರೋಗಿಯ ಆದಾಯ ಸಾಮಾನ್ಯವಾಗಿ ಇರುವುದಿಲ್ಲ, ವಿಳಾಸ ಇರುತ್ತದೆ. ಆ ಬಡಾವಣೆ ಎಷ್ಟು ಅನುಕೂಲಸ್ಥರದು ಎಂದು ಜನಗಣತಿಯಿಂದ ಅಂದಾಜು ಮಾಡುತ್ತಾರೆ. ಸಿರಿವಂತರ ಬೀದಿಯಲ್ಲಿ ಮನೆಗೆಲಸ ಮಾಡುತ್ತಾ ಅಲ್ಲೇ ಉಳಿದುಕೊಂಡವಳು ಈ ಲೆಕ್ಕದಲ್ಲಿ ಸಿರಿವಂತೆ.